ನೀರೊಳಗಿನ ಗುಹೆಗಳೂ ಛಾಯಾಗ್ರಹಣವೂ

ಗುಹೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಾಧಕರ ಏಕಾಂತ ಸ್ಥಾನ. ಅಲ್ಲಮಪ್ರಭುಗಳ ವಚನಾಂಕಿತವೇ ‘ಗುಹೇಶ್ವರ’. ಬೆಟ್ಟದ ಗುಹೆಯನ್ನು ಹೊಕ್ಕವನು ದಾರಿ ತಪ್ಪಿದರೂ ಒಂದೆಡೆ ಕುಳಿತು ನೆರವಿಗಾಗಿ ಕಾಯಬಹುದು. ಆದರೆ ನೀರು ತುಂಬಿದ ಗುಹೆಯನ್ನು ಹೊಕ್ಕವನಿಗೆ ಈ ಅವಕಾಶವಿಲ್ಲ. ಅವನು ಹೊತ್ತೊಯ್ದ ಗಾಳಿ ಎಷ್ಟೋ ಅಷ್ಟೇ ಅವನ ಆಯುಷ್ಯ. ಇಂತಹ ಸ್ಥಳಕ್ಕೆ ಮಾನವನು ಕ್ಯಾಮೆರಾ ಹಿಡಿದು ಹೋಗುವುದೇಕೆ, ಮರಳಿ ಬರುವುದು ಹೇಗೆ, ಅವನು ತಂದ ಚಿತ್ರಗಳಿಂದ ಜಗತ್ತಿಗಾದ ಲಾಭವೇನು ಎಂಬುದನ್ನು ಫ್ರಾನ್ಸ್ ದೇಶದ ಕೊಸ್ಕೇರ್ ಗುಹೆಯ ವೃತ್ತಾಂತವು ಚೆನ್ನಾಗಿ ತಿಳಿಸಿಕೊಡುತ್ತದೆ.

ಇಂತಹ ಗುಹೆಗಳು ಹೆಚ್ಚಾಗಿ ಸುಣ್ಣಕಲ್ಲಿನ ಪ್ರದೇಶಗಳಲ್ಲಿವೆ. ಮಳೆಯ ನೀರು ಇಂಗಾಲಾಮ್ಲವನ್ನು ಕೂಡಿಕೊಂಡು ಬಿರುಕುಗಳಲ್ಲಿ ಇಳಿಯುತ್ತ, ಸಹಸ್ರಾರು ವರ್ಷಗಳಲ್ಲಿ ಕಲ್ಲನ್ನು ಕರಗಿಸಿ ಸುರಂಗಗಳನ್ನು ನಿರ್ಮಿಸುತ್ತದೆ. ಕಳೆದ ಹಿಮಯುಗದ ಪರಾಕಾಷ್ಠೆಯಲ್ಲಿ ಅಪಾರ ಜಲರಾಶಿಯು ಹಿಮವಾಗಿ ನೆಲದ ಮೇಲೆ ನಿಂತಿದ್ದುದರಿಂದ ಕಡಲಿನ ಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದು ದಡದಿಂದ ದೂರವಿದ್ದ ಅನೇಕ ಗುಹೆಗಳು, ಹಿಮ ಕರಗಿ ಕಡಲು ಏರಿದಾಗ ಜಲಾವೃತವಾದವು.

ಮಾರ್ಸೇಲ್ಸ್ ನಗರದ ಬಳಿ ಮೊರ್ಜಿಯು ಭೂಶಿರದ ಕೆಳಗಿರುವ ಗುಹೆ ಇವುಗಳಲ್ಲೊಂದು. ಅದರ ಬಾಯಿ ಸಮುದ್ರಮಟ್ಟದಿಂದ ಸುಮಾರು 37 ಮೀಟರ್ ಆಳದಲ್ಲಿದೆ. ಅಲ್ಲಿಂದ ನೂರು ಮೀಟರಿಗೂ ಮಿಕ್ಕ ಇಕ್ಕಟ್ಟಾದ ಸುರಂಗವು ಮೇಲ್ಮುಖವಾಗಿ ಸಾಗಿ, ಗಾಳಿಯಿರುವ ಒಂದು ವಿಶಾಲ ಅಂಕಣವನ್ನು ಸೇರುತ್ತದೆ. ಆನ್ರಿ ಕೊಸ್ಕೇರ್ ಎಂಬ ವೃತ್ತಿಪರ ಮುಳುಗುಗಾರನು 1985ರಲ್ಲಿ ಇದನ್ನು ಕಂಡುಕೊಂಡನು. 1991ರಲ್ಲಿ ಅಲ್ಲಿನ ಗೋಡೆಯ ಮೇಲೆ ಮನುಷ್ಯನ ಹಸ್ತದ ಅಚ್ಚೊಂದು ಅವನ ಕಣ್ಣಿಗೆ ಬಿತ್ತು. ಅದೇ ವರ್ಷದ ಸೆಪ್ಟೆಂಬರ್ ತಿಂಗಳ ಮೊದಲ ದಿನ, ಬೇರೊಂದು ತಂಡದ ಮೂವರು ಮುಳುಗುಗಾರರು ಆ ಸುರಂಗದಲ್ಲಿ ಪ್ರಾಣ ಕಳೆದುಕೊಂಡರು. ಈ ದುರಂತದ ಬೆನ್ನಲ್ಲೇ ಕೊಸ್ಕೇರನು ತಾನು ಕಂಡುದನ್ನು ಸರ್ಕಾರಕ್ಕೆ ವರದಿ ಮಾಡಿದನು. ಅನಂತರ ಗುಹೆಯ ಪ್ರವೇಶವನ್ನು ಮುಚ್ಚಲಾಯಿತು.

ಇಂತಹ ದುರ್ಮರಣಗಳಿಗೆ ಕಾರಣವೇನು? ತೆರೆದ ಕಡಲಿನಲ್ಲಿ ಆಪತ್ತು ಒದಗಿದರೆ ಮೇಲಕ್ಕೇರಬಹುದು; ಗುಹೆಯಲ್ಲಿ ತಲೆಯ ಮೇಲೆ ಬಂಡೆಯಿದೆ, ಬಂದ ದಾರಿಯಲ್ಲೇ ಹಿಂತಿರುಗಬೇಕು. ತಳದಲ್ಲಿ ಕುಳಿತಿರುವ ನುಣುಪು ಹೂಳು ಕಾಲಿನ ಒಂದು ಒದೆತಕ್ಕೆ ಎದ್ದು, ಸ್ಫಟಿಕದಂತಿದ್ದ ನೀರು ಕ್ಷಣದಲ್ಲಿ ಕದಡಿಹೋಗುತ್ತದೆ. ಆಗ ಎಷ್ಟು ಪ್ರಖರವಾದ ದೀಪವಿದ್ದರೂ ತನ್ನ ಕೈ ತನಗೇ ಕಾಣದು.

ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಗಣಿತ ಬೋಧಿಸುತ್ತಿದ್ದ ಪ್ರೌಢಶಾಲಾ ಉಪಾಧ್ಯಾಯ ಶೆಕ್ ಎಕ್ಸ್‌ಲಿಯು ಇಂತಹ ಅಪಘಾತಗಳನ್ನು ವಿಶ್ಲೇಷಿಸಿ 1979ರಲ್ಲಿ ಒಂದು ಪುಟ್ಟ ಪುಸ್ತಕ ಬರೆದನು. ಅವನು ಎತ್ತಿ ತೋರಿಸಿದ ಮುಖ್ಯ ತಪ್ಪುಗಳು ಮೂರು: ಗುಹೆಯ ಬಾಯಿಂದ ಕಡಿಯದ ಹಗ್ಗವನ್ನು ಹಾಸಿಕೊಂಡು ಹೋಗದಿರುವುದು, ಗಾಳಿಯ ಮೂರನೆಯ ಎರಡು ಭಾಗವನ್ನು ಹೊರಬರಲು ಕಾಯ್ದಿಡದಿರುವುದು, ಮಿತಿಮೀರಿದ ಆಳಕ್ಕೆ ಇಳಿಯುವುದು. ಹೋಗುವುದಕ್ಕೆ ಒಂದು ಪಾಲು, ಬರುವುದಕ್ಕೆ ಒಂದು ಪಾಲು, ಆಪತ್ತಿಗೆ ಮತ್ತೊಂದು ಪಾಲು ಎಂಬ ಲೆಕ್ಕವನ್ನು ಇಂದಿಗೂ ಎಲ್ಲೆಡೆ ಕಲಿಸುತ್ತಾರೆ. ಇದರೊಡನೆ ವಿಶೇಷ ಶಿಕ್ಷಣವೂ, ಪ್ರತಿಯೊಬ್ಬನ ಬಳಿ ಕನಿಷ್ಠ ಮೂರು ದೀಪಗಳೂ ಇರಲೇಬೇಕು. ಈ ಎಕ್ಸ್‌ಲಿಯೂ 1994ರಲ್ಲಿ ಮೆಕ್ಸಿಕೊದ ಒಂದು ಅಗಾಧ ಜಲಕೂಪದಲ್ಲಿ ಅತ್ಯಂತ ಆಳಕ್ಕಿಳಿಯುವ ಪ್ರಯತ್ನದಲ್ಲಿ ಮೃತನಾದನು. ನೀರಿಗೆ ಅನುಭವಿ, ಅನನುಭವಿ ಎಂಬ ಭೇದವಿಲ್ಲ.

ಛಾಯಾಗ್ರಾಹಕನ ಕಾರ್ಯವು ಇನ್ನೂ ಕಠಿನ. ಸೂರ್ಯನ ಬೆಳಕು ತಲುಪುವುದು ಗುಹೆಯ ಬಾಯಿಯ ಸಮೀಪದವರೆಗೆ ಮಾತ್ರ. ಅದರಾಚೆ ಬೆಳಕನ್ನು ಅವನೇ ಒಯ್ಯಬೇಕು. ನೀರು ಮೊದಲು ನುಂಗುವುದು ಕೆಂಪು ವರ್ಣವನ್ನು. ಆದ್ದರಿಂದ ದೂರದಿಂದ ತೆಗೆದ ಚಿತ್ರವು ನೀಲಿಗಟ್ಟುತ್ತದೆ. ದೀಪವನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ನೀರಿನಲ್ಲಿ ತೇಲುವ ಕಣಗಳು, ಮಂಜಿನಲ್ಲಿ ಮೋಟಾರು ದೀಪ ಹಚ್ಚಿದಂತೆ, ಬೆಳ್ಳಗೆ ಹೊಳೆದು ಚಿತ್ರವನ್ನು ಕೆಡಿಸುತ್ತವೆ. ಆದುದರಿಂದ ದೀಪಗಳನ್ನು ದೂರ ಚಾಚಿ ಹಿಡಿಯುವರು, ಇಲ್ಲವೆ ಜೊತೆಗಾರರ ಕೈಗೆ ಕೊಡುವರು. ಉಸಿರಿನ ಗುಳ್ಳೆಗಳು ಛಾವಣಿಗೆ ತಾಗಿದರೂ ಮಣ್ಣು ಉದುರುತ್ತದೆ. ಆದಕಾರಣ ಒಂದು ಚಿತ್ರಕ್ಕೆ ಎರಡನೆಯ ಪ್ರಯತ್ನವು ಸಾಧ್ಯವಾಗದೆ ಹೋಗುವುದುಂಟು. ಚಿತ್ರದ ಮೋಹದಲ್ಲಿ ಗಾಳಿಯ ಲೆಕ್ಕ ಮರೆತವನಿಗೆ ಮಾತ್ರ ಕ್ಷಮೆಯಿಲ್ಲ.

ಇಷ್ಟು ಶ್ರಮದ ಫಲವೇನೆಂಬುದು ಕೊಸ್ಕೇರ್ ಗುಹೆಯಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಉಳಿದಿರುವ ಚಿತ್ರಗಳು ನೀರಿನ ಮೇಲಿನ ಗೋಡೆಗಳಲ್ಲಿವೆಯಾದರೂ, ಅಲ್ಲಿಗಿದ್ದ ದಾರಿ ಆ ಸುರಂಗವೊಂದೇ. ಕುದುರೆ, ಕಾಡುಕೋಣ, ಕಾಡುಮೇಕೆಗಳ ಜೊತೆಗೆ ಸೀಲ್ ಪ್ರಾಣಿಗಳೂ, 19ನೆಯ ಶತಮಾನದಲ್ಲಿ ಭೂಮಿಯಿಂದಲೇ ಅಳಿದುಹೋದ ‘ಗ್ರೇಟ್ ಆಕ್’ ಎಂಬ ಕಡಲಹಕ್ಕಿಗಳೂ ಅಲ್ಲಿ ಚಿತ್ರಿತವಾಗಿವೆ. ಕೆಲವು ವಿದ್ವಾಂಸರು ಇವೆಲ್ಲ ಕೃತಕವೆಂದು ಶಂಕಿಸಿದರು. ಮುಳುಗಲು ಬಲ್ಲ ಪುರಾತತ್ತ್ವಜ್ಞ ಜಾನ್ ಕುರ್ತಾಂ ಸ್ವತಃ ಒಳಹೊಕ್ಕು ಪರೀಕ್ಷಿಸಿದನು. ಜಾನ್ ಕ್ಲೊತ್ ಎಂಬ ವಿದ್ವಾಂಸನು ಮೊದಲು ಛಾಯಾಚಿತ್ರಗಳನ್ನು ನೋಡಿಯೇ ಅವುಗಳ ಪರವಾಗಿ ನಿಂತನು. ಇದ್ದಿಲಿನ ರೇಡಿಯೊ ಇಂಗಾಲ ಪರೀಕ್ಷೆಯು ಶಂಕೆಯನ್ನು ನಿವಾರಿಸಿತು. ಮೊದಲ ಕಾಲಗಣನೆಗಳಂತೆ ಹಸ್ತದ ಅಚ್ಚುಗಳು ಸುಮಾರು 27,000 ವರ್ಷಗಳಷ್ಟು, ಅನೇಕ ಪ್ರಾಣಿಚಿತ್ರಗಳು ಸುಮಾರು 19,000 ವರ್ಷಗಳಷ್ಟು ಹಳೆಯವು.

ಈಗ ಕಡಲು ಮತ್ತೆ ಏರುತ್ತಿದೆ. ನೀರಿನಂಚಿನ ಕುದುರೆಗಳ ಚಿತ್ರಗಳು ಕೆಳಗಿನಿಂದ ಅಳಿಯುತ್ತಿವೆ. ಗುಹೆಯನ್ನು ಎತ್ತಿಡಲಾಗದು, ಕಡಲನ್ನು ತಡೆಯಲಾಗದು. ಆದುದರಿಂದ ಛಾಯಾಚಿತ್ರಗಳಿಂದಲೂ ಲೇಸರ್ ಅಳತೆಗಳಿಂದಲೂ ಗುಹೆಯ ಮೈಯನ್ನು ದಾಖಲಿಸಿ, ಅದರ ಆಧಾರದಿಂದ ಮಾರ್ಸೇಲ್ಸಿನಲ್ಲಿ ನಿರ್ಮಿಸಿದ ಪ್ರತಿಕೃತಿಯನ್ನು 2022ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಮೂವರ ಪ್ರಾಣ ತೆಗೆದ ಸುರಂಗದಾಚೆಯ ಚಿತ್ರಗಳ ರೂಪವನ್ನು ಇಂದು ಶಾಲೆಯ ಮಕ್ಕಳೂ ನಿರ್ಭಯವಾಗಿ ನೋಡಬಹುದಾಗಿದೆ.

ಕತ್ತಲೆಯೊಳಗೆ ಹೊಕ್ಕುದಷ್ಟೇ ಸಾಹಸವಾಗಲಾರದು. ಹಗ್ಗವನ್ನು ಬಿಡದೆ, ಮೂರನೆಯ ಪಾಲನ್ನು ಮುಟ್ಟದೆ, ಅಲ್ಲಿನ ಒಂದು ಕಲ್ಲನ್ನೂ ಕದಲಿಸದೆ ಮರಳಿ ಬಂದು, ಕಂಡುದನ್ನು ಕಾಣದವರ ಮುಂದೆ ಇಡುವಲ್ಲಿಯೇ ಆ ಸಾಹಸದ ಸಾರ್ಥಕ್ಯವಿದೆ. ಶಿಸ್ತಿಲ್ಲದ ಕುತೂಹಲ ಹೊಕ್ಕವನನ್ನೇ ನುಂಗುತ್ತದೆ. ಶಿಸ್ತಿನಿಂದ ಕೂಡಿದ ಕುತೂಹಲ ಲೋಕಕ್ಕೆ ವಿದ್ಯೆಯಾಗಿ ಒದಗುತ್ತದೆ.