ಆಗಸ್ಟ್ ತಿಂಗಳ ಮೊದಲನೆಯ ದಿನ: ರಾಕ್ ಸಂಗೀತದ ಚರಿತ್ರೆಯಿಂದ ಮೂರು ಪ್ರಸಂಗಗಳು

ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಎಲ್ಲಾ ದಿನಗಳೂ ಒಂದೇ ಅಳತೆಯ ಚೌಕಗಳಾಗಿ ಕಾಣುತ್ತವೆ. ಒಂದು ದಿನವು ಮತ್ತೊಂದಕ್ಕಿಂತ ಮೇಲಾದುದೆಂದು ಕಾಲವು ತಾನಾಗಿ ಹೇಳುವುದಿಲ್ಲ. ಆ ದಿನದಲ್ಲಿ ಮನುಷ್ಯರು ಮಾಡಿದ ಕಾರ್ಯವೇ ಅದಕ್ಕೆ ಹೆಸರನ್ನು ತರುತ್ತದೆ. ಯುದ್ಧ, ಒಪ್ಪಂದ, ಪಟ್ಟಾಭಿಷೇಕ ಇವುಗಳ ತಾರೀಖುಗಳನ್ನು ನಮ್ಮ ಬಾಲಿಕೆಯರು ಚರಿತ್ರೆಯ ಪಾಠದಲ್ಲಿ ಕಲಿಯುತ್ತಾರೆ. ಸಂಗೀತಕ್ಕೂ ಅಂಥ ತಾರೀಖುಗಳುಂಟು. ಪಾಶ್ಚಾತ್ಯ ದೇಶಗಳಲ್ಲಿ ರಾಕ್ ಎಂಬ ಹೆಸರನ್ನು ಪಡೆದ ಸಂಗೀತಕ್ಕೆ ಆಗಸ್ಟ್ 1 ಅಂಥದೊಂದು ದಿನ. ಬೇರೆ ಬೇರೆ ವರ್ಷಗಳಲ್ಲಿ ಇದೇ ತಾರೀಖಿಗೆ ಒದಗಿದ ಮೂರು ಸಂಗತಿಗಳನ್ನು ಇಲ್ಲಿ ವಿವರಿಸಲಾಗುವುದು. ಅವುಗಳನ್ನು ಒಟ್ಟಿಗೆ ನೋಡಿದರೆ, ಸಂಗೀತದ ಚರಿತ್ರೆಯನ್ನು ನಿರ್ಮಿಸುವವರು ಹಾಡುವವರು ಮಾತ್ರವಲ್ಲ, ಕೇಳುವವರೂ ಹೌದೆಂಬುದು ತಿಳಿದುಬರುವುದು.

ಮೊದಲು ರಾಕ್ ಎಂದರೇನೆಂಬುದನ್ನು ಅರಿಯಬೇಕು. ಇದು 1950ರ ನಂತರದ ವರ್ಷಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ರಾಕ್ ಅಂಡ್ ರೋಲ್’ ಎಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದ ಸಂಗೀತ. ಆಫ್ರಿಕಾ ಮೂಲದ ಅಮೆರಿಕನರು ತಮ್ಮ ಬಾಳಿನ ಕಷ್ಟವನ್ನು ತೋಡಿಕೊಳ್ಳುತ್ತಿದ್ದ ಬ್ಲೂಸ್ ಹಾಡುಗಳು, ಅವರ ದೇವಾಲಯಗಳಲ್ಲಿ ಕೈತಟ್ಟಿ ಹಾಡುತ್ತಿದ್ದ ಗಾಸ್ಪೆಲ್ ಗೀತೆಗಳು, ಬಿಳಿಯ ಹಳ್ಳಿಗರ ಕಂಟ್ರಿ ಹಾಡುಗಳು, ಇವು ಕೂಡಿ ಅದು ಹುಟ್ಟಿತು. ಅದರ ತಾಳವು ಸಾಧಾರಣವಾಗಿ ನಾಲ್ಕೆಣಿಕೆಯದು. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಡ್ರಮ್ಮಿನ ಪೆಟ್ಟು ಬಲವಾಗಿ ಬೀಳುತ್ತದೆ. ಮುಖ್ಯ ವಾದ್ಯವು ವಿದ್ಯುತ್ ಗಿಟಾರು. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟಿರುತ್ತಾರೆ. ತಂತಿಯು ಅದುರಿದಾಗ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಯಂತ್ರವು ಅದನ್ನು ಬಲಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಹೀಗೆ ಒಬ್ಬನ ಬೆರಳಿನ ಮೀಟು ಸಾವಿರಾರು ಜನರಿಗೆ ಏಕಕಾಲದಲ್ಲಿ ಮುಟ್ಟುವುದು ಸಾಧ್ಯವಾಯಿತು.

ಮೊದಲನೆಯ ಸಂಗತಿಯು ಒಂದು ಜನನ. 1942ನೆಯ ಇಸವಿ ಆಗಸ್ಟ್ 1ರಂದು ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಜೆರಿ ಗಾರ್ಸಿಯ ಎಂಬವನು ಹುಟ್ಟಿದನು. ಬಾಲ್ಯದಲ್ಲಿ ಸೌದೆ ಕಡಿಯುವಾಗ ಒದಗಿದ ಅಪಘಾತದಿಂದ ಅವನ ಬಲಗೈಯ ನಡುಬೆರಳು ಬಹುಮಟ್ಟಿಗೆ ಹೋಯಿತು. ಆದರೂ ಅವನು ಗಿಟಾರು ಕಲಿತು, 1965ರಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯಗೋಷ್ಠಿಯನ್ನು ಕಟ್ಟಿದವರಲ್ಲಿ ಒಬ್ಬನಾದನು. ಇವರು ಒಂದೇ ಹಾಡನ್ನು ಒಂದೊಂದು ರಾತ್ರಿ ಒಂದೊಂದು ವಿಧವಾಗಿ ವಿಸ್ತರಿಸಿ ನುಡಿಸುತ್ತಿದ್ದರು. ಮನೋಧರ್ಮ ಸಂಗೀತವನ್ನು ಬಲ್ಲ ನಮ್ಮವರಿಗೆ ಇದು ಹೊಸತಲ್ಲ. ಅಲ್ಲದೆ, ಸಭಿಕರು ತಮ್ಮ ಸ್ವಂತ ಯಂತ್ರಗಳಿಂದ ಕಚೇರಿಯನ್ನು ಮುದ್ರಿಸಿಕೊಳ್ಳಲು ಅವರು ಅಡ್ಡಿ ಮಾಡಲಿಲ್ಲ. 1984ರಲ್ಲಿ ಅಂಥವರಿಗಾಗಿ ಪ್ರತ್ಯೇಕ ಸ್ಥಳವನ್ನೇ ಬಿಡಲಾಯಿತು. ಮುದ್ರಿಕೆಗಳನ್ನು ಮಾರಬಾರದು, ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು ಎಂಬುದೇ ಅಲ್ಲಿಯ ನಿಯಮ. ಹೀಗೆ ಈ ಗೋಷ್ಠಿಯ ನೂರಾರು ಕಚೇರಿಗಳು ಇಂದಿಗೂ ಉಳಿದಿರುವುದಕ್ಕೆ ಕೇಳುಗರ ಶ್ರದ್ಧೆಯೂ ಕಾರಣ. ಗಾರ್ಸಿಯನು 1995ರಲ್ಲಿ ತೀರಿಕೊಂಡನು.

ಈ ಗೋಷ್ಠಿಯಲ್ಲಿ ಡ್ರಮ್ಮು ಬಾರಿಸುತ್ತಿದ್ದ ಮಿಕ್ಕಿ ಹಾರ್ಟ್ ಎಂಬವನು ತಬಲಾ ವಿದ್ವಾಂಸರಾದ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಲಯವನ್ನು ಅಭ್ಯಾಸ ಮಾಡಿದವನು. ಆ ಉಸ್ತಾದರೇ ನಮ್ಮ ಎರಡನೆಯ ಸಂಗತಿಯ ವೇದಿಕೆಯ ಮೇಲೆಯೂ ಕುಳಿತಿದ್ದರು.

ಇದು ನಡೆದುದು 1971ನೆಯ ಇಸವಿ ಆಗಸ್ಟ್ 1, ಭಾನುವಾರ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಸಭಾಂಗಣದಲ್ಲಿ. 1970ರ ನವೆಂಬರಿನಲ್ಲಿ ಪೂರ್ವ ಪಾಕಿಸ್ತಾನದ ಕರಾವಳಿಗೆ ಭಯಂಕರವಾದ ಚಂಡಮಾರುತವು ಬಡಿದು ಲಕ್ಷಗಟ್ಟಲೆ ಜನರು ಸತ್ತರು. ಮರುವರ್ಷದ ಮಾರ್ಚಿಯಲ್ಲಿ ಸೈನ್ಯದ ದಬ್ಬಾಳಿಕೆಯು ಆರಂಭವಾಯಿತು. ಡಿಸೆಂಬರಿನಲ್ಲಿ ಬಾಂಗ್ಲಾದೇಶವು ಸ್ವತಂತ್ರವಾಗುವಷ್ಟರಲ್ಲಿ ಸುಮಾರು ಒಂದು ಕೋಟಿ ಜನರು ಮನೆಮಠಗಳನ್ನು ಬಿಟ್ಟು ಭಾರತಕ್ಕೆ ಓಡಿಬಂದಿದ್ದರು. ಸಿತಾರ್ ವಿದ್ವಾಂಸರಾದ ಪಂಡಿತ್ ರವಿಶಂಕರರು ಕಾಶಿಯಲ್ಲಿ ಹುಟ್ಟಿದವರಾದರೂ ಅವರ ಪೂರ್ವಿಕರು ಆ ಬಂಗಾಳದವರು. ಅವರು ಸಂಕಟಪಟ್ಟು, ತಮ್ಮಲ್ಲಿ ಸಿತಾರ್ ಕಲಿತಿದ್ದ ಜಾರ್ಜ್ ಹ್ಯಾರಿಸನ್ನನಿಗೆ ಈ ವಿಷಯವನ್ನು ತಿಳಿಸಿದರು. ಇವನು ಇಂಗ್ಲೆಂಡಿನ ಲೋಕಪ್ರಸಿದ್ಧ ‘ಬೀಟಲ್ಸ್’ ಗೋಷ್ಠಿಯ ನಾಲ್ವರಲ್ಲಿ ಒಬ್ಬನು. ಒಂದು ಕಚೇರಿಯಿಂದ ಇಪ್ಪತ್ತೈದು ಸಾವಿರ ಡಾಲರುಗಳಾದರೂ ಕೂಡಿಬಂದರೆ ಸಾಕೆಂದು ಪಂಡಿತರು ಎಣಿಸಿದ್ದರು.

ಶಿಷ್ಯನು ಕೆಲವೇ ವಾರಗಳಲ್ಲಿ ಬಹು ದೊಡ್ಡ ಏರ್ಪಾಡನ್ನು ಮಾಡಿದನು. ಬೀಟಲ್ಸ್ ಗೋಷ್ಠಿಯ ರಿಂಗೋ ಸ್ಟಾರ್, ಗಿಟಾರುವಾದಕ ಎರಿಕ್ ಕ್ಲ್ಯಾಪ್ಟನ್, ಬಹುಕಾಲದಿಂದ ವೇದಿಕೆಗೆ ಅಪರೂಪವಾಗಿದ್ದ ಬಾಬ್ ಡಿಲನ್, ಚಿಕ್ಕಂದಿನಿಂದ ದೇವಾಲಯದಲ್ಲಿ ಆರ್ಗನ್ ನುಡಿಸಿ ಬೆಳೆದ ಬಿಲ್ಲಿ ಪ್ರೆಸ್ಟನ್ ಮೊದಲಾದವರು ಸಂಭಾವನೆಯನ್ನು ತೆಗೆದುಕೊಳ್ಳದೆ ಬಂದರು. ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಕಚೇರಿಗಳು ನಡೆದವು. ಎರಡಕ್ಕೂ ಸೇರಿ ಸುಮಾರು 40,000 ಜನರು ನೆರೆದರು.

ಮೊದಲ ಸ್ಥಾನವನ್ನು ಭಾರತೀಯ ಸಂಗೀತಕ್ಕೆ ಕೊಡಲಾಗಿತ್ತು. ಪಂಡಿತ್ ರವಿಶಂಕರರ ಸಿತಾರ್, ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರಿ. ಈ ಸಂಗೀತಕ್ಕೆ ಏಕಾಗ್ರತೆ ಬೇಕೆಂದೂ, ಅದು ನಡೆಯುವಾಗ ಧೂಮಪಾನ ಮಾಡಬಾರದೆಂದೂ ಸಭಿಕರನ್ನು ಬೇಡಿಕೊಳ್ಳಲಾಯಿತು. ಬಳಿಕ ವಿದ್ವಾಂಸರು ಸ್ವಲ್ಪ ಹೊತ್ತು ವಾದ್ಯಗಳನ್ನು ಶ್ರುತಿಮಾಡಿಕೊಂಡು ನಿಲ್ಲಿಸಿದೊಡನೆ ಸಭೆಯಲ್ಲಿ ಕರತಾಡನವು ಮೊಳಗಿತು. ಶ್ರುತಿಮಾಡುವುದನ್ನೇ ಜನರು ಸಂಗೀತವೆಂದು ತಿಳಿದಿದ್ದರು! ರವಿಶಂಕರರು ಕೋಪಿಸಿಕೊಳ್ಳಲಿಲ್ಲ. ಅವರಿಗೆ ವಂದಿಸಿ, ಶ್ರುತಿಯೇ ಇಷ್ಟು ಮೆಚ್ಚಿಕೆಯಾಗಿದ್ದರೆ ವಾದನವು ಇನ್ನೂ ಮೆಚ್ಚಿಕೆಯಾಗಬಹುದೆಂದು ನಗುತ್ತಾ ಹೇಳಿ, ಮುಂದಕ್ಕೆ ನುಡಿಸಿದರು.

ಈ ಪ್ರಸಂಗವನ್ನು ಹೇಳಿ ನಗುವವರು ಬಹಳ ಮಂದಿ. ಆದರೆ ಜನರು ಹಾಗೆ ತಿಳಿದುದಕ್ಕೆ ಕಾರಣವುಂಟು. ಸಿತಾರಿನಲ್ಲಿ ಬೆರಳಿನಿಂದ ಮೀಟುವ ತಂತಿಗಳಲ್ಲದೆ, ಮೆಟ್ಟುಗಳ ಕೆಳಗೆ ಹನ್ನೊಂದು ಹದಿಮೂರು ಸಣ್ಣ ತಂತಿಗಳಿರುತ್ತವೆ. ಇವುಗಳಿಗೆ ತರಬ್ ತಂತಿಗಳೆಂದು ಹೆಸರು. ನುಡಿಸಲಿರುವ ರಾಗದ ಸ್ವರಗಳಿಗೆ ಇವನ್ನು ಹೊಂದಿಸುತ್ತಾರೆ. ಮೇಲಿನ ತಂತಿಯಲ್ಲಿ ಒಂದು ಸ್ವರವು ಹುಟ್ಟಿದಾಗ ಅದೇ ಸ್ವರದ ಕೆಳತಂತಿಯು ಯಾರೂ ಮುಟ್ಟದೆಯೇ ಅನುರಣಿಸುತ್ತದೆ. ಶ್ರುತಿಮಾಡುವಾಗ ಈ ತಂತಿಗಳನ್ನು ಸಾಲಾಗಿ ಮೀಟಿದರೆ ರಾಗದ ಸ್ವರಗಳೆಲ್ಲ ಝರಿಯಂತೆ ಹರಿಯುತ್ತವೆ. ತಬಲಾದ ಮೇಲೆ ಸುತ್ತಿಗೆಯ ಪೆಟ್ಟು, ತಂಬೂರಿಯ ನಾದ ಇವೂ ಸೇರಿದಾಗ, ಎಂದೂ ಕೇಳದ ಕಿವಿಗೆ ಅದು ಸಂಗೀತವಾಗಿ ತೋರುವುದರಲ್ಲಿ ಆಶ್ಚರ್ಯವೇನು? ಅವರು ತಿಳಿಯದೆ ಮೆಚ್ಚಿದರು, ನಿಜ. ಆದರೆ ತಿಳಿಯದುದನ್ನು ಹಳಿಯಲಿಲ್ಲ. ಆ ಮೇಲೆ ‘ಬಾಂಗ್ಲಾ ಧುನ್’ ಎಂಬ ವಾದನವನ್ನು ಸುಮಾರು ಕಾಲು ಗಂಟೆಯ ಕಾಲ ಕೇಳಿ, ಮುಗಿದಾಗ ಮನಸಾರೆ ಕೈತಟ್ಟಿದರು. ಆ ಎರಡನೆಯ ಕರತಾಡನವನ್ನು ಯಾರೂ ನೆನೆಯುವುದಿಲ್ಲವೆಂಬುದು ಅನ್ಯಾಯ.

ಆ ದಿನದ ಉತ್ಪನ್ನದಿಂದ 2,43,418 ಡಾಲರು 50 ಸೆಂಟುಗಳು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್‌ಗೆ ಸಂದವು. ಪಂಡಿತರು ಎಣಿಸಿದುದಕ್ಕಿಂತ ಇದು ಒಂಬತ್ತು ಪಾಲಿಗೂ ಹೆಚ್ಚು. ಕಚೇರಿಯ ಧ್ವನಿಮುದ್ರಿಕೆಯೂ ಚಲನಚಿತ್ರವೂ ಹೊರಬಂದವು. ಮುದ್ರಿಕೆಗೆ 1973ರಲ್ಲಿ ಗ್ರ್ಯಾಮಿ ಪಾರಿತೋಷಕವು ದೊರೆಯಿತು. ಆದರೆ ಇಲ್ಲಿ ಒಂದು ಕೊರತೆಯನ್ನು ಮರೆಮಾಚಬಾರದು. ಧರ್ಮಕಾರ್ಯಕ್ಕೆ ತೆರಿಗೆಯ ವಿನಾಯಿತಿಯನ್ನು ಮುಂಚಿತವಾಗಿ ಕೇಳಿ ಪಡೆದಿರಲಿಲ್ಲವಾದ್ದರಿಂದ ಮುದ್ರಿಕೆ ಮತ್ತು ಚಲನಚಿತ್ರಗಳ ಆದಾಯದ ಬಹುಭಾಗವು ಅಮೆರಿಕದ ತೆರಿಗೆಯ ಇಲಾಖೆಯ ವಿಚಾರಣೆಯಲ್ಲಿ ಅನೇಕ ವರ್ಷ ಸಿಕ್ಕಿಕೊಂಡಿತು. ಹಸಿದ ಮಗುವಿಗೆ ಹತ್ತು ವರ್ಷದ ನಂತರ ಬರುವ ಅನ್ನದಿಂದ ಹೊಟ್ಟೆ ತುಂಬುವುದಿಲ್ಲ. ದಾನಕ್ಕೆ ಕರುಣೆಯು ಬೇಕಾದಂತೆಯೇ ಲೆಕ್ಕಪತ್ರವೂ ಬೇಕು. ಆದಾಗ್ಯೂ 1985ರ ಜುಲೈ 13ರಂದು ಇಥಿಯೋಪಿಯದ ಕ್ಷಾಮಕ್ಕಾಗಿ ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ನಡೆದ ‘ಲೈವ್ ಏಡ್’ ಮುಂತಾದ ಸಹಾಯಾರ್ಥ ಕಚೇರಿಗಳಿಗೆ ಈ ಭಾನುವಾರವೇ ದಾರಿಯನ್ನು ತೋರಿಸಿತು.

ಮೂರನೆಯ ಸಂಗತಿಯು 1981ನೆಯ ಇಸವಿ ಆಗಸ್ಟ್ 1ರದು. ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಅಮೆರಿಕದಲ್ಲಿ ಎಂ.ಟಿ.ವಿ. ಎಂಬ ಟೆಲಿವಿಷನ್ ಪ್ರಸಾರವು ಆರಂಭವಾಯಿತು. ಹಗಲಿರುಳೂ ಹಾಡುಗಳ ಚಿತ್ರಗಳನ್ನು ತೋರಿಸುವುದು ಅದರ ಉದ್ದೇಶ. ಮೊದಲು ತೋರಿಸಿದುದು ‘ಬಗಲ್ಸ್’ ಎಂಬ ಇಂಗ್ಲಿಷ್ ಗೋಷ್ಠಿಯ ಹಾಡು. ದೃಶ್ಯವು ರೇಡಿಯೋದ ತಾರೆಯನ್ನು ಕೊಂದಿತೆಂಬುದು ಅದರ ಹೆಸರಿನ ತಾತ್ಪರ್ಯ. ಆ ಹೆಸರು ಭವಿಷ್ಯವಾಣಿಯಂತಾಯಿತು. ಅಂದಿನಿಂದ ಗಾಯಕರಿಗೆ ಕಂಠದ ಜೊತೆಗೆ ರೂಪ, ಉಡುಗೆ, ನೃತ್ಯ ಇವುಗಳ ಚಿಂತೆಯೂ ಅಂಟಿಕೊಂಡಿತು. ಇನ್ನೊಂದು ವಿಷಯವೂ ಗಮನಾರ್ಹ. ಕಪ್ಪು ಜನರ ಸಂಗೀತದಿಂದ ಹುಟ್ಟಿದ ಈ ಕಲೆಯ ಪ್ರಸಾರದಲ್ಲಿ ಮೊದಮೊದಲು ಕಪ್ಪು ಗಾಯಕರಿಗೆ ದೊರೆತ ಸ್ಥಳವು ಅತ್ಯಲ್ಪ. ಅದರ ವಿರುದ್ಧ ಆಕ್ಷೇಪಣೆಗಳೆದ್ದವು. 1983ರಲ್ಲಿ ಮೈಕಲ್ ಜ್ಯಾಕ್ಸನ್ನನ ಹಾಡುಗಳು ಪ್ರಸಾರವಾಗಿ ಅತ್ಯಂತ ಜನಪ್ರಿಯವಾದ ಮೇಲೆ ಆ ಬಾಗಿಲು ಕ್ರಮೇಣ ತೆರೆಯಿತು. ಕಣ್ಣಿನ ತಾರತಮ್ಯವನ್ನು ಕೇಳುಗರ ಮೆಚ್ಚಿಕೆಯು ತಿದ್ದಿತೆಂದು ಹೇಳಬಹುದು.

ಬಾಲಿಕೆಯರೇ, ನಿಮ್ಮ ಕಾಲದಲ್ಲಿ ಹಾಡುಗಳಿಗೆ ಬರವಿಲ್ಲ. ಅಂಗೈಯಲ್ಲಿನ ಯಂತ್ರದಿಂದ ಲೋಕದ ಸಂಗೀತವೆಲ್ಲ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಬರವಿರುವುದು ತಾಳ್ಮೆಗೆ. ಒಂದು ಹಾಡು ಹಿಡಿಸದಿದ್ದರೆ ಹತ್ತು ಎಣಿಸುವುದರೊಳಗೆ ಮುಂದಿನದಕ್ಕೆ ಹೋಗುವ ಅಭ್ಯಾಸವು ಹಿರಿಯರಲ್ಲಿಯೂ ಉಂಟು. ಮುಂದಿನ ಆಗಸ್ಟ್ 1 ಬಂದಾಗ ಆ ‘ಬಾಂಗ್ಲಾ ಧುನ್’ ವಾದನವನ್ನು ಆದಿಯಿಂದ ಅಂತ್ಯದ ವರೆಗೆ, ಬೇರೆ ಕೆಲಸವನ್ನು ಬದಿಗಿಟ್ಟು, ಒಮ್ಮೆ ಕೇಳಿರಿ. ಸಿತಾರ್ ಎಲ್ಲಿ ಕೇಳಿ ಸರೋದ್ ಎಲ್ಲಿ ಉತ್ತರ ಕೊಡುತ್ತದೆ, ತಬಲಾ ಎಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಗುರುತಿಸಲು ಯತ್ನಿಸಿರಿ. ಗುರುತಿಸಿದುದನ್ನು ನಿಮ್ಮ ನೋಟುಪುಸ್ತಕದಲ್ಲಿ ಬರೆದಿಟ್ಟು, ಮರುದಿನ ಸಂಗೀತದ ಉಪಾಧ್ಯಾಯಿನಿಯವರಿಗೆ ತೋರಿಸಿರಿ.