ಹಿಮಾಲಯದ ಬುಡ ತಡಕುವ ಅಲೆಗಳು

ತೆಂಗಿನಕಾಯಿ ಕೊಳ್ಳುವಾಗ ಅಮ್ಮ ಅದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುವುದನ್ನು ನೀವು ನೋಡಿರಬಹುದು. ಒಡೆಯದೆಯೇ ಒಳಗಿನ ಸ್ಥಿತಿ ತಿಳಿಯುವ ಉಪಾಯ ಅದು. ಭೂವಿಜ್ಞಾನಿಗಳು ಭೂಮಿಯ ಒಡಲನ್ನು ಅರಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಏಕೆಂದರೆ, ಕೊರೆದು ನೋಡುವುದು ಆಗದ ಮಾತು. ರಷ್ಯದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರೂ ತಲುಪಿದ್ದು 12 ಕಿ.ಮೀ.ಗಿಂತ ತುಸು ಹೆಚ್ಚು ಆಳ. ಭೂಕೇಂದ್ರವಿರುವುದು ಸುಮಾರು 6,371 ಕಿ.ಮೀ. ಆಳದಲ್ಲಿ!

ಇಲ್ಲಿ ತಟ್ಟುವ ಬೆರಳೆಂದರೆ ಭೂಕಂಪ. ಭೂಕಂಪವಾದಾಗ ಹೊರಡುವ ಅಲೆಗಳಲ್ಲಿ ಮೊದಲು ತಲುಪುವುದು 'ಪಿ' ಅಲೆ, ಅದರ ಹಿಂದೆಯೇ 'ಎಸ್' ಅಲೆ. 1897ರ ಅಸ್ಸಾಂ ಭೂಕಂಪದ ದಾಖಲೆಗಳಿಂದ ಇವನ್ನು ಬೇರ್ಪಡಿಸಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡಮ್.

1909ರಲ್ಲಿ ಕ್ರೊಯೇಷಿಯದ ಮೊಹೊರೊವಿಚಿಚ್ ಒಂದು ಸೋಜಿಗ ಕಂಡರು. ದೂರದ ಕೇಂದ್ರಗಳಿಗೆ ಪಿ ಅಲೆ ನಿರೀಕ್ಷೆಗಿಂತ ಬೇಗ ತಲುಪಿತ್ತು. ಊರೊಳಗಿನ ರಸ್ತೆ ಬಿಟ್ಟು ಹೆದ್ದಾರಿ ಹಿಡಿದ ಬಸ್ಸಿನಂತೆ, ಅದು ಆಳಕ್ಕಿಳಿದು ವೇಗದ ದಾರಿ ಹಿಡಿದಿತ್ತು. ಭೂಕವಚದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುವ ಈ ಅಲೆ, ಅದರ ಕೆಳಗಿನ ಮ್ಯಾಂಟಲ್‌ನಲ್ಲಿ ಸುಮಾರು 8 ಕಿ.ಮೀ. ಓಡುತ್ತದೆ.

ಈ ಲೆಕ್ಕವೇ ಪರ್ವತಗಳ ಬುಡ ತೋರಿಸಿತು. ಖಂಡಗಳಲ್ಲಿ ಸಾಮಾನ್ಯವಾಗಿ 35-40 ಕಿ.ಮೀ. ದಪ್ಪವಿರುವ ಭೂಕವಚ ಟಿಬೆಟ್ಟಿನಲ್ಲಿ ಸುಮಾರು 70 ಕಿ.ಮೀ.! ಸುಮಾರು 5 ಕೋಟಿ ವರ್ಷಗಳಿಂದ ಭಾರತದ ಫಲಕ ಏಷ್ಯಾವನ್ನು ಒತ್ತುತ್ತಿರುವುದರ ಫಲವಿದು. ಉತ್ತರ ಟಿಬೆಟ್ಟಿನ ಕೆಳಗಿನ ಮೇಲ್ಮ್ಯಾಂಟಲ್‌ನಲ್ಲಿ ಪಿ ಅಲೆ ನಿಧಾನವಾಗುತ್ತದೆ, ಎಸ್ ಅಲೆ ಸೊರಗುತ್ತದೆ. ಅಂದರೆ ಅಲ್ಲಿನ ಶಿಲೆ ಹೆಚ್ಚು ಬಿಸಿ, ಹೆಚ್ಚು ಮೆದು. ದಕ್ಷಿಣ ಟಿಬೆಟ್ಟಿನ ಕೆಳಗಾದರೋ ಭಾರತದ ತಣ್ಣನೆಯ, ಗಟ್ಟಿ ಫಲಕ ಚಾಚಿಕೊಂಡಿದೆ. ನೇಪಾಳದಿಂದ ಟಿಬೆಟ್ಟಿನವರೆಗೆ 2002ರಿಂದ 2005ರವರೆಗೆ ಸಾಲಾಗಿ ಇರಿಸಿದ್ದ ಭೂಕಂಪಮಾಪಕಗಳು ಅದರ ಜಾಡನ್ನು ಹಿಡಿದವು.

ಇದರಿಂದ ನಮಗೇನು ಪ್ರಯೋಜನ ಎನ್ನುವಿರಾ? 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ಪ್ರಮಾಣದ ಭೂಕಂಪಕ್ಕೆ ಸುಮಾರು 9,000 ಜನ ಬಲಿಯಾದರು. ಆಳದಲ್ಲಿ ಸದ್ದಿಲ್ಲದೆ ಜಾರುವ ಫಲಕ, ಹಿಮಾಲಯದ ಮುಂಭಾಗದಲ್ಲಿ ಮಾತ್ರ ಕಚ್ಚಿಕೊಂಡಿದ್ದು ಒಮ್ಮೆಲೇ ಕಳಚುತ್ತದೆ. ಆ ದಿನ ಎಂದೆಂದು ಅಲೆಗಳು ಹೇಳಲಾರವು. ಆದರೆ ಕಚ್ಚಿಕೊಂಡ ಬಿರುಕು ಎಲ್ಲಿದೆ, ಎಷ್ಟು ಓರೆಯಾಗಿದೆ ಎಂದು ತೋರಬಲ್ಲವು. ಶಾಲೆ, ಆಸ್ಪತ್ರೆ, ಅಣೆಕಟ್ಟುಗಳನ್ನು ಎಲ್ಲಿ ಎಷ್ಟು ಗಟ್ಟಿಯಾಗಿ ಕಟ್ಟಬೇಕೆಂಬುದಕ್ಕೆ ಅದು ಆಧಾರ.

ಗೌರಿಬಿದನೂರಿನಲ್ಲಿಯೂ 1960ರ ದಶಕದಲ್ಲೇ ಇಂಥ ಮಾಪಕಗಳ ಸಾಲೊಂದನ್ನು ಸ್ಥಾಪಿಸಲಾಯಿತು. ದೂರದ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಅದರ ಉದ್ದೇಶ. ಅಲ್ಲಿಯೂ ಲೆಕ್ಕದ ಮೂಲ ಒಂದೇ: ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಪ್ರೌಢಶಾಲೆಯ ಪುಸ್ತಕದಲ್ಲಿರುವ ಆ ಸೂತ್ರವೇ!