ಹಳೆಯ ಲಾರಿಯ ಏರ್ ಬ್ರೇಕ್: ದೋಷ ಹುಡುಕುವ ಕ್ರಮ

ಗದಗ ಸೀಮೆಯ ವ್ಯಾಪಾರದ ಇತಿಹಾಸವನ್ನು ಲಾರಿಯನ್ನು ಬಿಟ್ಟು ಬರೆಯುವಂತಿಲ್ಲ. ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿಗಳು ಮಾರುಕಟ್ಟೆ ಸೇರಿದ್ದು ಲಾರಿಯ ಬೆನ್ನ ಮೇಲೆ. 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಶ್ರೀ ವಿಜಯ ಸಂಕೇಶ್ವರ ಅವರು ಆರಂಭಿಸಿದ ಸಾಗಣೆ ಉದ್ಯಮವು ಮುಂದೆ ದೇಶದ ಪ್ರಮುಖ ಸಾರಿಗೆ ಸಂಸ್ಥೆಗಳಲ್ಲಿ ಒಂದಾಯಿತು. ಅನೇಕ ಮನೆತನಗಳಿಗೆ ಲಾರಿಯೇ ಮೊದಲ ಬಂಡವಾಳವಾಗಿತ್ತು. ಅಂತಹ ಹಳೆಯ ಲಾರಿಗಳನ್ನು ಗುಜರಿಗೆ ಹಾಕದೆ ಮೂಲರೂಪಕ್ಕೆ ತರಬೇಕೆಂಬ ಆಸೆ ಮಾಲೀಕರಲ್ಲಿ ಮೂಡುವುದು ಸಹಜ. ಬಣ್ಣ, ಕ್ಯಾಬಿನ್ ಹಾಗೂ ಎಂಜಿನ್ ಕೆಲಸಕ್ಕೆ ಅನುಭವಿ ಕುಶಲಕರ್ಮಿಗಳು ದೊರೆಯುತ್ತಾರೆ. ತೊಡಕು ಎದುರಾಗುವುದು ಬಹುತೇಕ ಬ್ರೇಕಿನಲ್ಲಿ, ಅದರಲ್ಲೂ ಗಾಳಿಯ ಪೈಪುಗಳಲ್ಲಿ.

ಒಂದೇ ಮಾರ್ಗದ ಅಪಾಯ

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲುಗಳಿಗಾಗಿ ಏರ್ ಬ್ರೇಕಿನ ಪೇಟೆಂಟ್ ಪಡೆದರು. ಆ ಮೊದಲ ವ್ಯವಸ್ಥೆಯಲ್ಲಿ ಪೈಪು ಒಡೆದರೆ ಬ್ರೇಕೇ ಇಲ್ಲದಂತಾಗುತ್ತಿತ್ತು. 1872ರಲ್ಲಿ ಅವರು ಅದನ್ನು ತಿದ್ದಿ, ಗಾಳಿ ಸೋರಿದರೆ ಬ್ರೇಕ್ ತಾನಾಗಿಯೇ ಹಿಡಿಯುವ ವಿಧಾನವನ್ನು ರೂಪಿಸಿದರು. ಇಂದಿನ ಲಾರಿಗಳ ಸ್ಪ್ರಿಂಗ್ ಬ್ರೇಕಿನಲ್ಲಿರುವುದು ಇದೇ ತತ್ತ್ವ: ಗಾಳಿ ಹೋದರೆ ಸ್ಪ್ರಿಂಗ್ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಇದರ ಜೊತೆಗೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸರ್ಕ್ಯೂಟುಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ.

ಹಳೆಯ ಲಾರಿಗಳಲ್ಲಿ ಈ ಎರಡೂ ರಕ್ಷಣೆಗಳು ಇಲ್ಲದಿರುವುದೇ ಹೆಚ್ಚು. ಒಂದೇ ಸರ್ಕ್ಯೂಟು, ಕೈಯಿಂದ ಎಳೆಯುವ ಯಾಂತ್ರಿಕ ಹ್ಯಾಂಡ್ ಬ್ರೇಕು, ಇಷ್ಟೇ. ಹೀಗಾಗಿ ಒಂದೇ ಒಂದು ಜೋಡಣೆ ಬಿಟ್ಟುಕೊಂಡರೂ ಕಾಲ ಬ್ರೇಕು ಪೂರ್ಣವಾಗಿ ಕೈಕೊಡಬಹುದು. ಆದಕಾರಣ ಇಂತಹ ಲಾರಿಯಲ್ಲಿ ಸೋರಿಕೆಯನ್ನು ಕಿವಿಯ ಅಂದಾಜಿನಿಂದ ತೀರ್ಮಾನಿಸದೆ, ಗೇಜು ಮತ್ತು ಗಡಿಯಾರದಿಂದ ಅಳೆದು ನೋಡುವುದು ಅವಶ್ಯ.

ಮೊದಲು ವ್ಯವಸ್ಥೆಯನ್ನು ಗುರುತಿಸಿರಿ

ಹಳೆಯ ಲಾರಿಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವಕ್ಕೆ ವ್ಯಾಕ್ಯೂಮ್ ನೆರವಿನ ಹೈಡ್ರಾಲಿಕ್ ಬ್ರೇಕು, ಕೆಲವಕ್ಕೆ ಗಾಳಿಯ ನೆರವಿನ ಹೈಡ್ರಾಲಿಕ್ ಬ್ರೇಕು, ಮತ್ತೆ ಕೆಲವಕ್ಕೆ ಪೂರ್ಣ ಏರ್ ಬ್ರೇಕು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಟಾಟಾ ಲಾರಿಗಳ ತಯಾರಿಕೆ ಆರಂಭವಾಯಿತು. 1948ರಲ್ಲಿ ಸ್ಥಾಪನೆಯಾದ ಅಶೋಕ್ ಮೋಟಾರ್ಸ್ ಬ್ರಿಟನ್ನಿನ ಲೇಲ್ಯಾಂಡ್ ಸಹಯೋಗದಿಂದ 1955ರಲ್ಲಿ ಅಶೋಕ್ ಲೇಲ್ಯಾಂಡ್ ಎನಿಸಿತು. ಏರ್ ಬ್ರೇಕಿನ ಭಾಗಗಳನ್ನು ದೇಶದಲ್ಲಿಯೇ ತಯಾರಿಸಲು ಬ್ರಿಟನ್ನಿನ ಕ್ಲೇಟನ್ ಡಿವಾಂಡ್ರೆ ಸಹಯೋಗದೊಂದಿಗೆ ಸುಂದರಂ-ಕ್ಲೇಟನ್ ಸಂಸ್ಥೆ 1962ರಲ್ಲಿ ಆರಂಭವಾಯಿತು.

ಈ ವಂಶಾವಳಿಗೆ ಗ್ಯಾರೇಜಿನಲ್ಲಿಯೂ ಅರ್ಥವಿದೆ. ಬ್ರಿಟಿಷ್ ಮೂಲದ ಗಾಡಿಯಲ್ಲಿ ಅಂಗುಲ ಲೆಕ್ಕದ ಮರೆಗಳೂ ಜರ್ಮನ್ ಮೂಲದ ಗಾಡಿಯಲ್ಲಿ ಮೆಟ್ರಿಕ್ ಮರೆಗಳೂ ಇರುವುದು ಸಾಮಾನ್ಯ. ಹಲವು ದಶಕಗಳ ರಿಪೇರಿಯಲ್ಲಿ ಇವೆರಡೂ ಕಲಬೆರಕೆಯಾಗಿರುತ್ತವೆ. ಎರಡು ಸುತ್ತು ಸರಿಯಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾಗುವ ನಟ್ಟನ್ನು ಬಲವಂತದಿಂದ ತಿರುಗಿಸಿದರೆ ಮುಂದೆ ಸೋರುವ ಜೋಡಣೆ ಸಿದ್ಧವಾದಂತೆಯೇ. ಥ್ರೆಡ್ ಗೇಜಿನಿಂದ ನೋಡಿ, ಪ್ರತಿ ಜೋಡಣೆಗೆ ಚೀಟಿ ಕಟ್ಟಿ, ಗಾಳಿಯ ಹಾದಿಯ ನಕ್ಷೆಯನ್ನು ಹಾಳೆಯ ಮೇಲೆ ಬರೆದುಕೊಂಡ ನಂತರವೇ ಪೈಪು ಬಿಚ್ಚುವುದು ಲೇಸು.

ಪೂರ್ಣ ಏರ್ ಬ್ರೇಕಿನಲ್ಲಿ ಗಾಳಿಯ ಹಾದಿ ಹೀಗಿದೆ: ಎಂಜಿನ್ನಿನಿಂದ ತಿರುಗುವ ಕಂಪ್ರೆಸರ್, ಒತ್ತಡ ಮಿತಿ ಮುಟ್ಟಿದಾಗ ಗಾಳಿಯನ್ನು ಹೊರಬಿಡುವ ಅನ್‌ಲೋಡರ್ ವಾಲ್ವು, ಗಾಳಿ ಹಿಂದಿರುಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವು, ಟ್ಯಾಂಕು, ಕಾಲಡಿಯ ಫೂಟ್ ವಾಲ್ವು, ಹೋಸ್ ಪೈಪು, ಚಕ್ರದ ಬಳಿಯ ಬ್ರೇಕ್ ಚೇಂಬರು. ಚೇಂಬರಿನ ದಂಡವು ಸ್ಲ್ಯಾಕ್ ಅಡ್ಜಸ್ಟರನ್ನು ನೂಕಿ, ಕ್ಯಾಮನ್ನು ತಿರುಗಿಸಿ, ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ. 24 ಚದರ ಅಂಗುಲದ ಡಯಾಫ್ರಾಮ್ ಮೇಲೆ ಚದರ ಅಂಗುಲಕ್ಕೆ 100 ಪೌಂಡ್ ಒತ್ತಡವಿದ್ದರೆ ದಂಡದ ಮೇಲೆ 2400 ಪೌಂಡ್, ಅಂದರೆ ಸುಮಾರು 1090 ಕಿಲೋ ಬಲ ಬೀಳುತ್ತದೆ. ಒತ್ತಡ ಅರ್ಧಕ್ಕೆ ಇಳಿದರೆ ಬಲವೂ ಅರ್ಧವಾಗುತ್ತದೆ. ಹೊರೆ ಮಾತ್ರ ಅಷ್ಟೇ ಇರುತ್ತದೆ.

ಮೂರು ಪರೀಕ್ಷೆಗಳು

ಉದಾಹರಣೆಗೆ, ತುಂಗಭದ್ರೆಯ ದಡದ ಕೊರ್ಲಹಳ್ಳಿಯಲ್ಲಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಒಂದೇ ಸರ್ಕ್ಯೂಟಿನ ಲಾರಿಯೊಂದು ದುರಸ್ತಿಗೆ ಬಂದಿದೆ ಎಂದು ಭಾವಿಸೋಣ. ಮುಂಡರಗಿಯಿಂದ ಹೂವಿನಹಡಗಲಿಯ ಕಡೆಗೆ ಸಾಗುವ ವಾಹನಗಳು ದಾಟುವ ಸೇತುವೆ ಇರುವುದು ಇಲ್ಲಿಯೇ. ಆ ಸೇತುವೆಯ ಮೇಲೆ ಈ ಲಾರಿಯನ್ನು ಓಡಿಸುವ ಮುನ್ನ, ನಿಂತಲ್ಲಿಯೇ ಮೂರು ಪರೀಕ್ಷೆಗಳನ್ನು ಮಾಡಬಹುದು.

ಮೊದಲು ಚಕ್ರಗಳಿಗೆ ಮುಂದೆ ಹಿಂದೆ ಅಡೆ ಕೊಡಬೇಕು. ಡ್ಯಾಶ್‌ಬೋರ್ಡಿನ ಹಳೆಯ ಗೇಜನ್ನು ನಂಬದೆ ಟ್ಯಾಂಕಿಗೆ ಪರೀಕ್ಷಿತ ಗೇಜೊಂದನ್ನು ಜೋಡಿಸಬೇಕು. ಕೆಳಗೆ ಕೊಟ್ಟಿರುವ ಅಳತೆಗಳು ಅಮೆರಿಕದಲ್ಲಿ ಲಾರಿ ಚಾಲಕರಿಗೆ ಕಲಿಸುವ ತಪಾಸಣೆಯಿಂದ ಬಂದವು. ತಯಾರಕರ ಕೈಪಿಡಿ ಇದ್ದರೆ ಅದರ ಅಂಕಿಯೇ ಅಂತಿಮ.

ಮೊದಲನೆಯದು, ತುಂಬುವ ಪರೀಕ್ಷೆ. ಎಂಜಿನ್ ಚಾಲೂ ಇಟ್ಟು, ಒತ್ತಡ 50ರಿಂದ 90 ಪೌಂಡಿಗೆ (ಚದರ ಸೆಂ.ಮೀ.ಗೆ ಸುಮಾರು 3.5ರಿಂದ 6.3 ಕಿಲೋ) ಏರಲು ಎಷ್ಟು ಹೊತ್ತು ಬೇಕೆಂದು ನೋಡುವುದು. ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ಇದು 3 ನಿಮಿಷದೊಳಗೆ ಆಗಬೇಕು.

ಎರಡನೆಯದು, ನಿಲುಗಡೆ ಪರೀಕ್ಷೆ. ಟ್ಯಾಂಕು ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಪೆಡಲ್ ಮುಟ್ಟದೆ ಗೇಜು ನೋಡುವುದು. ನಿಮಿಷಕ್ಕೆ 2 ಪೌಂಡಿಗಿಂತ ಹೆಚ್ಚು ಇಳಿಯಬಾರದು.

ಮೂರನೆಯದು, ಒತ್ತುವ ಪರೀಕ್ಷೆ. ಪೆಡಲನ್ನು ಪೂರ್ಣ ಒತ್ತಿ ಹಿಡಿದು, ಆರಂಭದ ಸಹಜ ಇಳಿತವನ್ನು ಬಿಟ್ಟು ಲೆಕ್ಕ ಹಾಕುವುದು. ನಿಮಿಷಕ್ಕೆ 3 ಪೌಂಡಿಗಿಂತ ಹೆಚ್ಚು ಇಳಿಯಬಾರದು.

ಈ ಮೂರರ ಫಲವನ್ನು ಒಟ್ಟಿಗೆ ಓದಿದರೆ ದೋಷದ ನೆಲೆ ತಿಳಿಯುತ್ತದೆ. ತುಂಬುವುದು ನಿಧಾನ, ಉಳಿದೆರಡೂ ಸರಿ ಎಂದಾದರೆ ದೋಷ ಕಂಪ್ರೆಸರಿನ ಕಡೆಗಿದೆ: ಕಟ್ಟಿಕೊಂಡ ಏರ್ ಫಿಲ್ಟರು, ಸವೆದ ರಿಂಗು, ಕೆಟ್ಟ ವಾಲ್ವು, ಅಥವಾ ಸುಟ್ಟ ಆಯಿಲ್ಲಿನ ಮಸಿ ತುಂಬಿ ಕಿರಿದಾದ ಡೆಲಿವರಿ ಪೈಪು. ನಿಲುಗಡೆ ಪರೀಕ್ಷೆಯಲ್ಲಿಯೇ ಒತ್ತಡ ಇಳಿದರೆ ದೋಷ ನಾನ್-ರಿಟರ್ನ್ ವಾಲ್ವಿನಿಂದ ಫೂಟ್ ವಾಲ್ವಿನವರೆಗಿನ ಭಾಗದಲ್ಲಿದೆ. ಪೆಡಲ್ ಒತ್ತಿದಾಗ ಮಾತ್ರ ಇಳಿದರೆ ಫೂಟ್ ವಾಲ್ವಿನಲ್ಲಿ ಅಥವಾ ಅದರ ಆಚೆಗಿನ ಹೋಸು, ಚೇಂಬರಿನ ಡಯಾಫ್ರಾಮುಗಳಲ್ಲಿ ಹುಡುಕಬೇಕು. ಭಾಗ ಗೊತ್ತಾದ ಮೇಲೆ ಅಲ್ಲಿನ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆಗಳೇ ಸ್ಥಳ ತೋರಿಸುತ್ತವೆ. ಇಡೀ ಗಾಡಿಗೆ ಸಾಬೂನು ಬಳಿಯುವ ಶ್ರಮ ಉಳಿಯುತ್ತದೆ.

ಫೂಟ್ ವಾಲ್ವಿನ ಹೊರಬಾಯಿಯೂ ಒಳ್ಳೆಯ ಸಾಕ್ಷಿ. ಪೆಡಲ್ ಬಿಟ್ಟಾಗ ಅಲ್ಲಿ ಗಾಳಿ ಸೋರುತ್ತಿದ್ದರೆ ಗಾಳಿ ಒಳಬರುವ ಸೀಟು ಕೆಟ್ಟಿದೆ. ಒತ್ತಿದಾಗ ಸೋರುತ್ತಿದ್ದರೆ ಗಾಳಿ ಹೊರಹೋಗುವ ಸೀಟು ಕೆಟ್ಟಿದೆ.

ಸೋರಿಕೆ ಇಲ್ಲದ ದೋಷಗಳು

ಮೂರೂ ಪರೀಕ್ಷೆಗಳಲ್ಲಿ ಗಾಡಿ ತೇರ್ಗಡೆಯಾಗಿಯೂ ಒಂದು ಚಕ್ರ ಬಿಸಿಯಾಗುವುದುಂಟು. ಇಲ್ಲಿ ಮೇಸ್ತ್ರಿಗಳು ಮೊದಲು ಡ್ರಮ್ ಬಿಚ್ಚುತ್ತಾರೆ. ಆದರೆ ಹಳೆಯ ರಬ್ಬರ್ ಹೋಸಿನ ಒಳಪದರ ಕಿತ್ತು ನಾಲಿಗೆಯಂತೆ ಜೋತುಬಿದ್ದರೂ ಇದೇ ಲಕ್ಷಣ ಕಾಣುತ್ತದೆ. ಒತ್ತಿದಾಗ ಗಾಳಿ ಒಳನುಗ್ಗುತ್ತದೆ, ಬಿಟ್ಟಾಗ ಆ ನಾಲಿಗೆ ದಾರಿ ಮುಚ್ಚುತ್ತದೆ. ಹೊರಗಿನಿಂದ ಹೋಸು ಹೊಸದರಂತೆಯೇ ಕಾಣುತ್ತದೆ. ಆದ್ದರಿಂದ ಪುನರುಜ್ಜೀವನದ ಗಾಡಿಯಲ್ಲಿ ಎಲ್ಲ ಹೋಸುಗಳನ್ನೂ ಬದಲಿಸುವುದೇ ಮಿತವ್ಯಯ.

ಬ್ರೇಕ್ ತಡವಾಗಿ ಹಿಡಿಯುತ್ತಿದ್ದರೆ ಹಿಂದಿನ ರಿಪೇರಿಯಲ್ಲಿ ಮೂಲಕ್ಕಿಂತ ಸಣ್ಣ ವ್ಯಾಸದ ಪೈಪು ಹಾಕಿರಬಹುದು. ನೈಲಾನ್ ಪೈಪು ಅನುಕೂಲಕರವಾದರೂ ಕಂಪ್ರೆಸರಿನಿಂದ ಹೊರಡುವ ಮೊದಲ ಪೈಪಿಗೆ ಸಲ್ಲದು. ಅಲ್ಲಿನ ಬಿಸಿಗೆ ಲೋಹದ ಪೈಪೇ ಬೇಕು. ಮರೆಗಳಿಗೆ ಸುತ್ತುವ ಟೇಪಿನ ಚೂರು ಒಳಸೇರಿ ವಾಲ್ವಿನ ಸೀಟಿನಲ್ಲಿ ಕೂತು ಹೊಸ ಸೋರಿಕೆ ತರುವುದರಿಂದ ಅದನ್ನು ಕೈಬಿಡುವುದು ಒಳಿತು.

ನೀರು ಮತ್ತೊಂದು ಶತ್ರು. ಕಂಪ್ರೆಸರು ಹೊರಗಿನ ಗಾಳಿಯನ್ನು ಸುಮಾರು ಎಂಟನೆಯ ಒಂದು ಪಾಲಿಗೆ ಕುಗ್ಗಿಸುತ್ತದೆ. ಅದು ಟ್ಯಾಂಕಿನಲ್ಲಿ ತಣ್ಣಗಾದಾಗ ತೇವವು ನೀರಾಗಿ ತಳ ಸೇರುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ಪ್ರತಿದಿನ ಡ್ರೈನ್ ಕಾಕ್ ತೆರೆದು ನೀರು ಬಿಡುವುದು ಇದಕ್ಕೆ ಮದ್ದು. ನೀರಿನೊಡನೆ ಆಯಿಲ್ ಬಂದರೆ ಕಂಪ್ರೆಸರಿನ ರಿಂಗು ಸವೆದಿದೆಯೆಂದು ತಿಳಿಯಬೇಕು. ದೀರ್ಘಕಾಲ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಅದನ್ನು ಗಾಳಿಯಿಂದ ಪರೀಕ್ಷಿಸದೆ ನೀರಿನ ಒತ್ತಡದಿಂದಲೇ ಪರೀಕ್ಷಿಸಬೇಕು, ಏಕೆಂದರೆ ಗಾಳಿ ತುಂಬಿದ ಟ್ಯಾಂಕು ಒಡೆದರೆ ಸಿಡಿಯುತ್ತದೆ. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿ ಮತ್ತೆ ಕೂಡಿಸುವುದು ಸರ್ವಥಾ ಸಲ್ಲದು.

ಸುರಕ್ಷತೆಗಾಗಿ ಮುಂದೆ ಸ್ಪ್ರಿಂಗ್ ಬ್ರೇಕ್ ಚೇಂಬರು ಅಳವಡಿಸಿದ ಗಾಡಿಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಆ ಚೇಂಬರಿನೊಳಗಿನ ಸ್ಪ್ರಿಂಗ್ ಪ್ರಾಣ ತೆಗೆಯುವಷ್ಟು ಬಲದಿಂದ ಕುಗ್ಗಿರುತ್ತದೆ. ಸಾಮಾನ್ಯ ಗ್ಯಾರೇಜಿನಲ್ಲಿ ಅದನ್ನು ಬಿಚ್ಚದೆ ಪೂರ್ಣ ಚೇಂಬರನ್ನೇ ಬದಲಿಸುವುದು ರೂಢಿಯಾಗಬೇಕು.

ಉದ್ಯಮಿಗಳು ಗಮನಿಸಬೇಕಾದುದು

ಈ ಕೆಲಸದಲ್ಲಿ ಸಣ್ಣ ಕೈಗಾರಿಕೆಗಳಿಗೂ ಪಾಲಿದೆ. ಮೂಲದ ಅಳತೆಗೆ ಪೈಪು ಬಗ್ಗಿಸುವುದು, ಹಿತ್ತಾಳೆಯ ಫೆರೂಲು, ನಟ್ಟು, ಕನೆಕ್ಟರುಗಳನ್ನು ಸರಿಯಾದ ಮರೆಯೊಂದಿಗೆ ತಿರುವಿ ಕೊಡುವುದು ಲೇತ್ ಇರುವ ಘಟಕಕ್ಕೆ ಸಾಧ್ಯವಾದ ಕೆಲಸಗಳು. ಆದರೆ ಇದು ಬ್ರೇಕಿನ ಭಾಗವೆಂಬುದನ್ನು ಮರೆಯಬಾರದು. ಪ್ರತಿ ತುಂಡನ್ನೂ ಒತ್ತಡದಲ್ಲಿ ಪರೀಕ್ಷಿಸಿ ದಾಖಲೆ ಇಡದ ಘಟಕ ಈ ವ್ಯವಹಾರಕ್ಕೆ ಕೈಹಾಕದಿರುವುದೇ ಲೇಸು. ಡಯಾಫ್ರಾಮು, ಹೋಸು, ವಾಲ್ವಿನ ರಬ್ಬರ್ ಕಿಟ್ಟುಗಳನ್ನು ತಯಾರಕರ ಅಧಿಕೃತ ಮಾರಾಟಗಾರರಿಂದಲೇ ಬಿಲ್ ಸಹಿತ ಕೊಳ್ಳಬೇಕು.

ಹಣ ತೊಡಗಿಸುವ ಮುನ್ನ ಕಾನೂನನ್ನೂ ಅರಿತಿರಬೇಕು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳು 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನು ಕಲ್ಪಿಸಿವೆ. ಹಾಗೆ ನೋಂದಾಯಿತವಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಸೀಮಿತ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಬಾಡಿಗೆಗೆ ಹೊರೆ ಸಾಗಿಸುವಂತಿಲ್ಲ. ಸರಕು ವಾಹನವಾಗಿಯೇ ಓಡಿಸುವುದಾದರೆ ಫಿಟ್‌ನೆಸ್ ಪ್ರಮಾಣಪತ್ರ ಕಡ್ಡಾಯ. ಲಾರಿಯೊಂದು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ತಿಳಿದುಕೊಂಡರೆ ಖರ್ಚು ವ್ಯರ್ಥವಾಗುವುದಿಲ್ಲ.

ಕೆಲಸ ಮುಗಿದ ದಿನ ಮೂರೂ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ, ದಿನಾಂಕ ಹಾಗೂ ಅಂಕಿಗಳನ್ನು ಬರೆದು ಮಾಲೀಕರಿಗೆ ಕೊಡುವ ಪದ್ಧತಿಯನ್ನು ಗ್ಯಾರೇಜುಗಳು ಬೆಳೆಸಿಕೊಳ್ಳಬೇಕು. ಆರು ತಿಂಗಳ ನಂತರದ ಅಂಕಿಗಳನ್ನು ಅದರೊಡನೆ ಹೋಲಿಸಿದರೆ ಹೊಸ ಸೋರಿಕೆ ಅಪಘಾತವಾಗುವ ಮೊದಲೇ ಗೊತ್ತಾಗುತ್ತದೆ. ಕಾಗದದ ಒಂದು ಹಾಳೆಯಷ್ಟೇ ಇದಕ್ಕೆ ತಗಲುವ ಖರ್ಚು.